ಎದುರು ಬಾಗಿಲಿನ ದೀಪ

ಆ ಊರಿನಲ್ಲಿ ಪ್ರತಿ ಮನೆಯ ಬಾಗಿಲ ನೆತ್ತಿಗೂ ಒಂದು ಕಲ್ಲು, ಪ್ರತಿ ಕಲ್ಲಿನ ಮೇಲೂ ಒಂದು ಗುರುತು. ಒಂದು ಮನೆಗೆ ಬರೆಯುವ ಕಲಮು, ಒಂದು ಮನೆಗೆ ತಕ್ಕಡಿ, ಒಂದು ಮನೆಗೆ ನೀರಿನ ಹೂಜಿ, ಒಂದು ಮನೆಗೆ ಹಗ್ಗ, ಇನ್ನೊಂದಕ್ಕೆ ಎಂಟು ಮೂಲೆಯ ನಕ್ಷತ್ರ. ಕೆತ್ತಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಕಟ್ಟಳೆ ಮಾತ್ರ ಎಲ್ಲರಿಗೂ ನೆನಪಿತ್ತು: ತನ್ನ ಬಾಗಿಲ ಮೇಲಿನ ಗುರುತು ತನಗೆ ಕಾಣುವುದಿಲ್ಲ. ಬೀದಿಗೆಲ್ಲ ಕಾಣುತ್ತದೆ, ದಾರಿಹೋಕನಿಗೂ ಕಾಣುತ್ತದೆ, ಆ ಮನೆಯವರು ಕತ್ತೆತ್ತಿ ನೋಡಿದರೆ ಬರಿಯ ಕಲ್ಲು. ಏಣಿ ಹತ್ತಿ ಸವರಿದರೂ ಬೆರಳಿಗೆ ನುಣ್ಣನೆಯ ಕಲ್ಲೇ ಸಿಗುತ್ತದೆ. ಯಾರಾದರೂ ಹೇಳಿಬಿಡಬಹುದಲ್ಲ ಎಂದರೆ ಅದೂ ಆಗದು. ನಿನ್ನ ಬಾಗಿಲ ಮೇಲಿರುವುದು ಇಂಥದ್ದು ಎಂದು ಒಬ್ಬರು ಬಾಯಿ ಬಿಟ್ಟರೆ ಸಾಕು, ಕಲ್ಲು ಪುಡಿಯಾಗಿ ಹೊಸ್ತಿಲ ಮೇಲೆ ಸುರಿಯುತ್ತದೆ. ಹಾಗೆ ಪುಡಿಯಾದ ಮನೆಯೊಂದು ಊರ ಕೊನೆಯಲ್ಲಿತ್ತು. ಅದರಲ್ಲೀಗ ಆಡು ಕಟ್ಟುತ್ತಿದ್ದರು.

ಕಾಣದ ಗುರುತನ್ನು ಕಾಯುವವರು ಯಾರು? ಎದುರು ಮನೆಯವರು. ಬೆಳಗಿನ ಜಾವದ ಫಜರ್ ನಮಾಜು ಮುಗಿದ ಮೇಲೆ ಪ್ರತಿ ಮನೆಯಿಂದಲೂ ಒಬ್ಬರು ಚೊಂಬಿನಲ್ಲಿ ನೀರು ಹಿಡಿದು, ಬೀದಿ ದಾಟಿ, ಎದುರು ಮನೆಯ ಗುರುತನ್ನು ತೊಳೆಯಬೇಕು. ನೀನು ನನ್ನದನ್ನು ತೊಳೆ, ನಾನು ನಿನ್ನದನ್ನು ತೊಳೆಯುತ್ತೇನೆ. ತೊಳೆದ ಗುರುತು ಹಗಲೆಲ್ಲ ಬೆಳಗುತ್ತದೆ. ತೊಳೆಯದ ಗುರುತು ಮಂಕಾಗುತ್ತದೆ. ಈದ್ ಹಬ್ಬದ ಬೆಳಿಗ್ಗೆ ಊರಿಗೆ ಊರೇ ಬೀದಿ ಬೀದಿ ನಡೆದು, ಬೆಳಗುವ ಗುರುತಿನ ಮುಂದೆ ನಿಂತು ಸಲಾಮು ಹೇಳಿ ಒಳಗೆ ಹೋಗುತ್ತದೆ. ಮಂಕಾದ ಗುರುತಿನ ಮನೆಯನ್ನು ಯಾರೂ ಬೈಯುವುದಿಲ್ಲ. ಸುಮ್ಮನೆ ದಾಟಿ ಹೋಗುತ್ತಾರೆ. ಬೈದರೆ ತಡೆದುಕೊಳ್ಳಬಹುದು, ದಾಟಿ ಹೋದರೆ ಹೇಗೆ ತಡೆದುಕೊಳ್ಳುವುದು ಹೇಳಿ.

ಇನ್ನು, ತನ್ನ ಗುರುತು ಯಾವುದೆಂದು ತಿಳಿಯುವ ಬಗೆ? ಮಸೀದಿಯ ಮುದಿ ಹಜರತರು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಜನ ನಿನ್ನ ಬಾಗಿಲಿಗೆ ಏನು ಕೇಳ್ಕೊಂಡು ಬರ್ತಾರೋ ನೋಡ್ಕೋ. ಗುರುತು ಅಂದ್ರೆ ಒಡವೆ ಅಲ್ಲಪ್ಪ, ಕೆಲಸ." ಹೂಜಿಯ ಮನೆಗೆ ಬಾಯಾರಿದವರು ಬರುತ್ತಿದ್ದರು. ತಕ್ಕಡಿಯ ಮನೆಗೆ ಜಗಳ ಹೊತ್ತವರು ಬರುತ್ತಿದ್ದರು. ಹಗ್ಗದ ಮನೆಗೆ ಕೈಬಿಟ್ಟು ಹೋದ ನೆಂಟರನ್ನು ಮತ್ತೆ ಕೂಡಿಸಿಕೊಳ್ಳಬೇಕೆನ್ನುವವರು ಬರುತ್ತಿದ್ದರು.

ಆ ಊರಿನ ಒಂದು ಬೀದಿಯಲ್ಲಿ ಜಾನಮಾಜ್ ನೇಯುವವಳಿದ್ದಳು. ನಮಾಜಿಗೆ ಹಾಸುವ ಚಾಪೆಗಳನ್ನು ಅವಳಷ್ಟು ಬಿಗಿಯಾಗಿ ನೇಯುವವರು ಯಾರೂ ಇರಲಿಲ್ಲ. ಪ್ರತಿ ಚಾಪೆಯ ತಲೆಯ ಬದಿಗೆ ಒಂದು ಕಮಾನು. ಕಮಾನಿನ ತುದಿ ನಮಾಜಿಗೆ ಮುಖ ಮಾಡುವ ದಿಕ್ಕಿಗೆ, ಕಿಬ್ಲಾದ ಕಡೆಗೆ. ಅವಳ ಗಂಡ ನೂಲಿಗೆ ಬಣ್ಣ ಹಾಕುವವನು, ಮೊಣಕೈತನಕ ಹಸಿರು ಹತ್ತಿದವನು, ಕೇಳದೆ ಮಾತಾಡದವನು.

ಅವಳ ಎದುರು ಮನೆ ಅತ್ತರು ಮಾರುವವಳದು. ವಯಸ್ಸಿನಲ್ಲಿ ಚಿಕ್ಕವಳು, ಗಂಡ ತೀರಿಹೋದವಳು, ಇಷ್ಟಿಷ್ಟೇ ಶೀಶೆಗಳಲ್ಲಿ ಗುಲಾಬಿ, ಲಾವಂಚದ ಖಸ್, ಮಲ್ಲಿಗೆ ತುಂಬಿ ಮಾರುತ್ತಿದ್ದಳು. ಅವಳ ಬಾಗಿಲ ಮೇಲಿದ್ದದ್ದು ಗೂಡಿನೊಳಗೊಂದು ದೀಪ. ಸಣ್ಣ ಗೂಡು, ಅದರೊಳಗೆ ಗಾಜು, ಗಾಜಿನೊಳಗೆ ಕುಡಿ. ನೀರು ಬಿದ್ದರೆ ಸಾಕು, ದೀಪ ಹೊತ್ತಿಕೊಳ್ಳುತ್ತಿತ್ತು. ನೇಯುವವಳು ಅದನ್ನು ಮದುವೆಯಾಗಿ ಬಂದ ದಿನದಿಂದ ತೊಳೆಯುತ್ತಿದ್ದಳು, ಮದುವೆಯಾಗಿ ಬಂದ ದಿನದಿಂದ ಅವಳ ಹೊಟ್ಟೆ ಉರಿಯುತ್ತಿತ್ತು.

ಉರಿಯದೆ ಏನು ಮಾಡುತ್ತದೆ? ತಾನು ತೊಳೆಯುವುದು, ಅದು ಬೆಳಗುವುದು. ತನ್ನ ಸೆರಗು ನೆನೆಯುವುದು, ಅತ್ತರಿನವಳ ಬಾಗಿಲಿಗೆ ಜನ ಬರುವುದು. ಅಳುತ್ತ ಬಂದವರು ಮುಖ ಒರೆಸಿಕೊಂಡು ಹೋಗುತ್ತಿದ್ದರು. ಮಗ ಮಾತು ಬಿಟ್ಟವರು, ಕೆಲಸ ಕೆಟ್ಟವರು, ಸಾವಿನ ಮನೆಯಿಂದ ನೇರ ಬಂದವರು ಒಂದು ಗಳಿಗೆ ಅವಳ ಜಗಲಿಯಲ್ಲಿ ಕೂತು ಹಗುರಾಗಿ ಎದ್ದು ಹೋಗುತ್ತಿದ್ದರು. ತನ್ನ ಬಾಗಿಲಿಗೂ ಜನ ಬರುತ್ತಿರಲಿಲ್ಲವೆಂದಲ್ಲ. ಆದರೆ ಅವರು ಕೇಳುತ್ತಿದ್ದುದೇನು!

"ಆಪಾ, ನಿಕಾಹ್ ಯಾವಾಗ ಇಟ್ಕೊಳ್ಳೋಣ?"

"ಆಪಾ, ಮಗೂನ ಯಾವಾಗ ಮದರಸಾಕ್ಕೆ ಕಳಿಸೋದು?"

"ಆಪಾ, ನಮ್ಮ ಅಬ್ಬಾ ಊರು ಬಿಟ್ಟು ಹೋಗಿ ಬಹಳ ದಿನ ಆಯ್ತು, ಇನ್ನೂ ಕಾಯೋದಾ, ಸಾಕು ಮಾಡೋದಾ?"

ಬರೀ ಯಾವಾಗ, ಯಾವಾಗ, ಯಾವಾಗ. ಅವಳು ಮಗ್ಗದಿಂದ ತಲೆಯೆತ್ತದೆ ಏನೋ ಒಂದು ಹೇಳುತ್ತಿದ್ದಳು. ಅದೇಕೋ ಅದು ಸರಿಯಾಗಿಯೂ ಇರುತ್ತಿತ್ತು. ಅವರು ಹೋದ ಮೇಲೆ ಗಂಡನೊಂದಿಗೆ ಗೊಣಗುತ್ತಿದ್ದಳು. "ಅವಳ ಹತ್ರ ಮನಸ್ಸು ಬಿಚ್ಚೋಕೆ ಹೋಗ್ತಾರೆ. ನನ್ನ ಹತ್ರ ತಾರೀಖು ಕೇಳೋಕೆ ಬರ್ತಾರೆ. ನಾನೇನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಾ? ನಮ್ಮ ಬಾಗಿಲ ಮೇಲೆ ಏನೋ ದರಿದ್ರದ್ದೇ ಇರಬೇಕು. ಮುರಿದ ಪೊರಕೆಯೋ, ತೂತು ಬಿದ್ದ ಚೊಂಬೋ."

"ಇದ್ದರೆ ಇರಲಿ," ಎಂದ ಗಂಡ, ಹಸಿರು ನೂಲು ಹಿಂಡುತ್ತ.

"ನಿಮಗೇನು, ಇರಲಿ ಅಂದ್ಬಿಟ್ರೆ ಮುಗೀತು."

ಅತ್ತರಿನವಳೂ ದಿನಾ ಬೆಳಿಗ್ಗೆ ಬೀದಿ ದಾಟಿ ಬರುತ್ತಿದ್ದಳು. ನೇಯುವವಳ ಬಾಗಿಲಿಗೆ ಏಣಿ ಹಾಕಿ, ಬಿಸ್ಮಿಲ್ಲಾ ಎಂದು ನೀರು ಎರೆದು, ತನ್ನ ದುಪಟ್ಟಾದ ಅಂಚಿನಿಂದ ಒರೆಸಿ, ಕೆಳಗಿಳಿದು ಒಂದು ಕ್ಷಣ ಮೇಲೆ ನೋಡಿ ನಗುತ್ತಿದ್ದಳು. ಆ ನಗುವೇ ನೇಯುವವಳಿಗೆ ಮುಳ್ಳು. ಏನು ನೋಡಿ ನಗುತ್ತಾಳೆ? ಅಯ್ಯೋ ಪಾಪ ಎಂದು ನಗುತ್ತಾಳೋ, ನನ್ನದರ ಮುಂದೆ ಇದು ಯಾವ ಲೆಕ್ಕ ಎಂದು ನಗುತ್ತಾಳೋ? ಅತ್ತರಿನವಳಿಗೂ ಅವಳ ಸ್ವಂತ ಬಾಗಿಲ ಮೇಲೆ ಏನಿದೆಯೆಂದು ಗೊತ್ತಿಲ್ಲವೆಂಬುದು ನೇಯುವವಳಿಗೆ ನೆನಪಾಗುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟೆಲ್ಲ ನೆನಪಿಟ್ಟುಕೊಳ್ಳುವ ತಾಳ್ಮೆ ಎಲ್ಲಿಯದು.

ಮೊದಲು ಕೆಟ್ಟದ್ದು ಚಾಪೆ. ಒಂದು ದಿನ ಹಜರತರು ಸುರುಳಿ ಸುತ್ತಿದ ಜಾನಮಾಜ್ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಜಗಲಿಯ ಮೇಲೆ ಹಾಸಿದರು. ಕಿಬ್ಲಾದ ಕಡೆಗೆ ಸರಿಯಾಗಿ ಹಾಸಿದರು. ಆದರೂ ಕಮಾನು ಅತ್ತ ನೋಡುತ್ತಿರಲಿಲ್ಲ. ಒಂದು ಬದಿಗೆ ವಾಲಿತ್ತು.

"ಇದರ ಮೇಲೆ ನಿಂತ್ರೆ ಮೈ ತಾನಾಗೇ ತಿರುಗುತ್ತಮ್ಮ," ಎಂದರು. "ಮೂರು ಜನ ಹೇಳಿದ್ರು. ನಾನು ನಂಬಲಿಲ್ಲ. ನಾನೇ ನಿಂತು ನೋಡಿದೆ. ಸಜ್ದಾಕ್ಕೆ ಬಾಗಿದ್ರೆ ಮನಸ್ಸು ಯಾರದೋ ಬಾಗಿಲಿಗೆ ಹೋಗಿ ನಿಲ್ಲುತ್ತೆ."

"ನೂಲು ಕುಗ್ಗಿರಬೇಕು ಹಜರತ್."

"ಇರಬಹುದು." ಅವರು ವಾಲಿದ ಕಮಾನಿನ ತುದಿಯಿಂದ ಬೆರಳು ಎತ್ತಿ, ಅದು ತೋರಿಸಿದ ಕಡೆಗೆ ಗಾಳಿಯಲ್ಲಿ ಒಂದು ಗೆರೆ ಎಳೆದರು. ಗೆರೆ ಬೀದಿ ದಾಟಿ ಅತ್ತರಿನವಳ ಬಾಗಿಲಿಗೆ ಮುಟ್ಟಿತು. ಅವರು ಚಾಪೆ ಅಲ್ಲೇ ಬಿಟ್ಟು ಎದ್ದರು.

ಅವಳು ಬಿಚ್ಚಿ ಮತ್ತೆ ನೇಯ್ದಳು. ಮತ್ತೆ ವಾಲಿತು. ಅಳತೆ ಕೋಲು ಇಟ್ಟು ನೇಯ್ದಳು, ಕೋಲಿನ ಪಕ್ಕದಲ್ಲೇ ವಾಲಿತು. ಇಷ್ಟಾದ ಮೇಲೆ ಯಾರಾದರೂ ತನ್ನ ಮನಸ್ಸನ್ನು ಒಮ್ಮೆ ತಡವಿ ನೋಡಿಕೊಳ್ಳುತ್ತಾರೆ. ಅವಳು ನೋಡಿಕೊಳ್ಳಲಿಲ್ಲ. ನನ್ನ ಕಸುಬನ್ನೂ ತಿಂದಳಲ್ಲ ಈ ಹೆಂಗಸು ಎಂದು ಹಲ್ಲು ಕಡಿದಳು.

ರಂಜಾನು ಹತ್ತಿರ ಬಂತು. ರಂಜಾನಿಗೆ ಮುಂಚೆ ಊರೆಲ್ಲ ಸುಣ್ಣ ಬಳಿಯುವ ಪದ್ಧತಿ. ಗೋಡೆಗೆ ಅವರವರೇ ಬಳಿದುಕೊಳ್ಳಬಹುದು. ಬಾಗಿಲ ನೆತ್ತಿಗೆ ಮಾತ್ರ ಎದುರು ಮನೆಯವರೇ ಬಳಿಯಬೇಕು. ಗುರುತು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆಂದು ಅವರಿಗೆ ತಾನೇ ಕಾಣುವುದು. ನೇಯುವವಳು ಸುಣ್ಣಕ್ಕೆ ಅಂಟು ಕಲಸಿ, ಕುಂಚ ಹಿಡಿದು, ಅತ್ತರಿನವಳ ಬಾಗಿಲಿಗೆ ಏಣಿ ಹಾಕಿದಳು. ಕೆಳಗೆ ಅತ್ತರಿನವಳು ಏಣಿ ಹಿಡಿದು ನಿಂತಿದ್ದಳು.

"ನಿಧಾನ ಆಪಾ. ಬಿದ್ದೀರಿ."

ಅವಳು ಗೂಡಿನ ಸುತ್ತ ಬಳಿದಳು. ದೀಪ ಅವಳ ಮುಖದ ಮುಂದೆ ಉರಿಯುತ್ತಿತ್ತು, ಕಣ್ಣು ಕುಕ್ಕುತ್ತಿತ್ತು. ಕೈ ಜಾರಿತು. ಗಾಜಿನ ಮೇಲೆ ಒಂದು ಬಿಳಿ ಪಟ್ಟೆ ಬಿತ್ತು. ಜಾರಿದ್ದು ನಿಜವಾಗಿಯೂ ಜಾರಿದ್ದೇ. ಅಲ್ಲಿಗೆ ಒರೆಸಿದ್ದರೆ ಈ ಕಥೆಯೇ ಇಲ್ಲ. ಅವಳು ಒರೆಸಲಿಲ್ಲ. ಕುಂಚವನ್ನು ಇನ್ನೊಂದು ಸಲ ಅದ್ದಿ, ಗಾಜಿನ ಮೇಲೆ, ಕುಡಿಯ ಮೇಲೆ, ಗೂಡಿನ ಮೂಲೆಮೂಲೆಗೆ ತುಂಬಿದಳು. ಒಣಗುವತನಕ ಏಣಿಯ ಮೇಲೆಯೇ ನಿಂತು, ಮೇಲೊಂದು ಪದರವಾಗಿ ಇನ್ನೊಂದು ಕೈ ಬಳಿದಳು. ಮೈಗೆ ತಂಪು ಗಾಳಿ ಬೀಸಿದಷ್ಟು ಹಾಯೆನಿಸಿತು.

ಅತ್ತರಿನವಳು ಕತ್ತೆತ್ತಿ ನೋಡಿದಳು. ಎಂದಿನಂತೆ ಅವಳಿಗೆ ಬರಿಯ ಕಲ್ಲು ಕಂಡಿತು, ಈ ಸಲ ಬೆಳ್ಳಗೆ. "ಎಷ್ಟು ಚೆನ್ನಾಗಿ ಬಳಿದಿದ್ದೀರಿ," ಎಂದು ಮಲ್ಲಿಗೆ ಅತ್ತರಿನ ಒಂದು ಶೀಶೆ ತಂದು ಅವಳ ಕೈಗಿಟ್ಟಳು. ನೇಯುವವಳು ಅದನ್ನೂ ತೆಗೆದುಕೊಂಡಳು!

ಅವಳಿಗೆ ಕಾಣದ್ದು ನಮಗೆ ಕಾಣುತ್ತದೆ, ನಮ್ಮ ಮನೆ ಆ ಊರಿನಲ್ಲಿಲ್ಲವಾದ್ದರಿಂದ ಹೇಳಿದರೆ ತಪ್ಪೂ ಇಲ್ಲ. ನೇಯುವವಳ ಬಾಗಿಲ ಮೇಲಿದ್ದದ್ದು ಬಿದಿಗೆಯ ಚಂದ್ರ. ತಿಂಗಳು ಯಾವಾಗ ಶುರು, ಉಪವಾಸ ಯಾವಾಗ ಮುಗಿಯುವುದು, ಯಾವ ಕೆಲಸಕ್ಕೆ ಯಾವ ಹೊತ್ತು ಎಂದು ಲೋಕ ಯಾರನ್ನು ನೋಡಿ ತಿಳಿಯುತ್ತದೋ ಆ ಚಂದ್ರ. ಎಂಥ ಸುಂದರ ಚಂದ್ರನೆಂದರೆ ಬೇರೆ ಬೀದಿಯವರು ಸುತ್ತು ಹಾಕಿಕೊಂಡು ಬಂದು ನೋಡಿ ಹೋಗುತ್ತಿದ್ದರು. ಆದರೆ ಚಂದ್ರನಿಗೆ ಸ್ವಂತದ ಬೆಳಕು ಎಲ್ಲಿದೆ? ಎದುರು ಬಾಗಿಲಿನ ದೀಪ ಬೀದಿ ದಾಟಿ ಬಂದು ಬಿದ್ದಾಗ ಅದು ಬೆಳಗುತ್ತಿತ್ತು. ಅತ್ತರಿನವಳು ದಿನಾ ಬೆಳಿಗ್ಗೆ ನೋಡಿ ನಗುತ್ತಿದ್ದದ್ದು ಅದನ್ನೇ.

ರಂಜಾನು ಶುರುವಾಯಿತು. ನೇಯುವವಳು ದಿನಾ ಬೆಳಿಗ್ಗೆ ಚೊಂಬು ಹಿಡಿದು ಬೀದಿ ದಾಟುವುದನ್ನು ಬಿಡಲಿಲ್ಲ. ಏಣಿ ಹತ್ತಿ, ಒದ್ದೆ ಬಟ್ಟೆಯನ್ನು ಸುಣ್ಣದ ಮೇಲೆ ಮೆಲ್ಲಗೆ ಆಡಿಸಿ ಇಳಿಯುತ್ತಿದ್ದಳು. ನೋಡಿದವರಿಗೆ ತೊಳೆದಂತೆಯೇ ಕಾಣುತ್ತಿತ್ತು. ಬೀದಿಯವರು ತಲೆಯೆತ್ತಿ ನೋಡಿದರು, ದೀಪ ಇರಲಿಲ್ಲ. ಸುಣ್ಣ ಹೆಚ್ಚಾಗಿದೆಯೆಂದು ಒಬ್ಬರಿಗೂ ಹೊಳೆಯಲಿಲ್ಲ. ಎದುರು ಮನೆಯವಳು ದಿನಾ ತೊಳೆಯುತ್ತಾಳೆ, ಆದರೂ ಬೆಳಗುತ್ತಿಲ್ಲವೆಂದರೆ ಮನೆಯವಳದೇ ಏನೋ ಇದೆ ಎಂದುಕೊಂಡರು. "ಒಂಟಿ ಹೆಂಗಸು, ಏನು ಮಾಡಿದಳೋ," ಎಂದು ಮೂಗು ಮುರಿದರು. ಸುಣ್ಣ ಹುಡುಕಲು ಏಣಿ ಹತ್ತಬೇಕು, ತಪ್ಪು ಹುಡುಕಲು ಜಗಲಿಯಲ್ಲಿ ಕೂತರೆ ಸಾಕು. ಅಳುವವರು ಅತ್ತರಿನವಳ ಮನೆಗೆ ಬರುವುದನ್ನು ನಿಲ್ಲಿಸಿದರು. ಅತ್ತರು ಕೊಳ್ಳುವವರೂ ನಿಲ್ಲಿಸಿದರು. ಅವಳು ಸಂಜೆ ಇಫ್ತಾರಿಗೆಂದು ಖರ್ಜೂರದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರೆ ಜನ ತಟ್ಟೆಯನ್ನೂ ದಾಟಿ ಹೋದರು.

ನೇಯುವವಳು ಕಿಟಕಿಯ ಸಂದಿಯಿಂದ ನೋಡಿದಳು. ಕುಣಿಯಬೇಕೆನಿಸಿತು. ಈದ್ ಹಬ್ಬದ ದಿನ ಊರಿಗೆ ಊರೇ ಅತ್ತರಿನವಳ ಬಾಗಿಲನ್ನು ದಾಟಿ ಹೋಗುವುದನ್ನು ಕಣ್ಣಾರೆ ನೋಡಬೇಕು ಎಂದು ದಿನ ಎಣಿಸಿದಳು.

ಆದರೆ ಒಂದು ವಿಚಿತ್ರ ನಡೆಯಿತು. ತನ್ನ ಬಾಗಿಲಿಗೂ ಯಾರೂ ಬರುತ್ತಿರಲಿಲ್ಲ. ಯಾವಾಗ ಎಂದು ಕೇಳುವವರಿಲ್ಲ. ಮೊದಲು ಶನಿ ತೊಲಗಿತು ಎಂದುಕೊಂಡಳು. ಆಮೇಲೆ ಕಿವಿ ನಿಮಿರಿಸಿ ಕಾದಳು. ದಾರಿಯಲ್ಲಿ ಹೋಗುವವರು ಅವಳ ಬಾಗಿಲ ನೆತ್ತಿಯತ್ತ ನೋಡುತ್ತಿದ್ದರು, ತಟ್ಟನೆ ಮುಖ ತಿರುಗಿಸುತ್ತಿದ್ದರು. ಅತ್ತರಿನವಳ ಬಾಗಿಲಿಗೆ ಹೇಗೋ, ತನ್ನದಕ್ಕೂ ಹಾಗೆಯೇ.

"ನಮ್ಮದಕ್ಕೇನಾಗಿದೆ?" ಎಂದು ಗಂಡನನ್ನು ಕೇಳಿದಳು.

"ನನಗೂ ಕಾಣಲ್ವಲ್ಲ." ಅವನು ಕೈ ತೊಳೆದುಕೊಳ್ಳುತ್ತಿದ್ದ. ಹಸಿರು ಹೋಗುತ್ತಿರಲಿಲ್ಲ. "ಎದುರಿನದು ಮಾತ್ರ ಕಾಣುತ್ತೆ. ಅದು ಈಗ ಕಾಣ್ತಿಲ್ಲ. ಕುಂಚ ನಿನ್ನ ಕೈಯಲ್ಲೇ ಇತ್ತು."

ಅವನು ಅಷ್ಟು ಉದ್ದದ ಮಾತಾಡಿದ್ದೇ ಅಪರೂಪ. ಅವಳು ಹೋಗಿ ಮಗ್ಗದ ಮುಂದೆ ಕುಳಿತಳು. ಅವಳ ಮನಸ್ಸಿಗೆ ಬಂದದ್ದು ಒಂದೇ: ಅತ್ತರಿನವಳು ಸೇಡು ತೀರಿಸಿಕೊಳ್ಳುತ್ತಿದ್ದಾಳೆ. ತೊಳೆದಂತೆ ನಟಿಸಿ ಹೋಗುತ್ತಿದ್ದಾಳೆ. ತಾನು ಮಾಡುತ್ತಿದ್ದದ್ದನ್ನೇ ಅವಳೂ ಮಾಡುತ್ತಿದ್ದಾಳೆಂದು ನಂಬುವುದು ಅವಳಿಗೆ ಎಷ್ಟು ಸುಲಭವಾಯಿತೆಂದರೆ, ನಂಬಿ ಎರಡು ದಿನ ಅವಳಿಗೆ ಸಮಾಧಾನವೂ ಇತ್ತು.

ಈದ್ ಹಬ್ಬದ ಹಿಂದಿನ ಸಂಜೆ ಊರೆಲ್ಲ ಮಾಳಿಗೆ ಹತ್ತಿತು. ಪಡುವಣದಲ್ಲಿ ಚಂದ್ರ ಕಾಣುವುದನ್ನು ಕಾಯುತ್ತ ಜನ ನಿಂತಿದ್ದರು. ಬೀದಿ ಖಾಲಿಯಾಗಿತ್ತು. ಆಗ ಅತ್ತರಿನವಳು ಬೀದಿ ದಾಟಿ ಬಂದಳು. ಅವಳ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಹೊಸ್ತಿಲಲ್ಲಿ ನಿಂತಳೇ ಹೊರತು ಒಳಗೆ ಬರಲಿಲ್ಲ.

"ಆಪಾ, ನನ್ನ ಮಾಫ್ ಮಾಡಿ."

ನೇಯುವವಳು ಮಗ್ಗದಿಂದ ತಲೆಯೆತ್ತಿದಳು. ಒಪ್ಪಿಕೊಳ್ಳಲು ಬಂದಳು ಎಂದುಕೊಂಡಳು. "ಯಾಕೆ? ಏನು ಮಾಡಿದೆ?"

"ನಿಮ್ಮದು ನನ್ನ ಕೈಯಲ್ಲಿ ಹಾಳಾಗ್ತಿದೆ. ಮಂಕಾಗಿಬಿಟ್ಟಿದೆ. ಮೊದಲು ದಿನಕ್ಕೊಂದು ಸಲ ತೊಳೀತಿದ್ದೆ. ಈಗ ಐದು ಹೊತ್ತೂ ತೊಳೀತೀನಿ, ನೀವು ಮಗ್ಗದಲ್ಲಿದ್ದಾಗ. ಹುಣಸೆಹಣ್ಣು ಹಚ್ಚಿದೆ, ಬೂದಿ ಹಚ್ಚಿದೆ, ನಿಂಬೆ ಹಚ್ಚಿದೆ. ನೋಡಿ." ಬಟ್ಟೆ ಬಿಚ್ಚಿದಳು. ಬೆರಳ ತುದಿಗಳ ಚರ್ಮ ಸುಲಿದಿತ್ತು. "ನಾಳೆ ಈದು. ಜನ ನಿಮ್ಮ ಮನೆ ದಾಟಿ ಹೋಗ್ತಾರೆ. ನನ್ನಿಂದ ಹೋಗ್ತಾರೆ. ನನ್ನ ಮನೆಗೆ ಬಾರದಿದ್ರೆ ನನಗೇನಿಲ್ಲ, ನಾನು ಏನೋ ಪಾಪ ಮಾಡಿರಬೇಕು. ನೀವೇನು ಮಾಡಿದ್ದೀರಿ ಆಪಾ?"

ನೇಯುವವಳು ಸುಲಿದ ಬೆರಳುಗಳನ್ನೇ ನೋಡಿದಳು.

"ತೊಳೀತಾ ತೊಳೀತಾ ಒಂದು ತಿಳೀತು," ಎಂದಳು ಅತ್ತರಿನವಳು. "ಏನಂತ ಹೇಳಲ್ಲ, ಹೇಳಬಾರದು. ಅದು ತಾನಾಗಿ ಬೆಳಗೋದಲ್ಲ. ಎಲ್ಲಿಂದಲೋ ಅದರ ಮೇಲೆ ಬೆಳಕು ಬೀಳ್ತಿತ್ತು. ಎದುರಿನಿಂದ, ನನ್ನ ಬೆನ್ನ ಹಿಂದಿನಿಂದ. ಏಣಿ ಮೇಲೆ ನಿಂತ್ರೆ ನನ್ನ ನೆರಳು ಅದರ ಮೇಲೆ ಬೀಳ್ತಿತ್ತಲ್ಲ, ಈಗ ನೆರಳೇ ಬೀಳ್ತಿಲ್ಲ. ಸುಣ್ಣ ಬಳಿದ ದಿನದಿಂದ. ಆ ಬೆಳಕು ಎಲ್ಲಿಂದ ಬರ್ತಿತ್ತು ಅಂತ ನಿಮಗೆ ಗೊತ್ತಾ ಆಪಾ?"

ಗೊತ್ತಾಯಿತು. ಒಂದೇ ಉಸಿರಿಗೆ ಎಲ್ಲವೂ ಗೊತ್ತಾಯಿತು. ಇಷ್ಟು ವರ್ಷ ಯಾವ ಬೆಳಕನ್ನು ನೋಡಿ ಹೊಟ್ಟೆ ಉರಿದುಕೊಂಡಳೋ ಅದು ದಿನವೂ ಬೀದಿ ದಾಟಿ ಬಂದು ತನ್ನ ಬಾಗಿಲಲ್ಲೇ ಕೂತಿತ್ತು. ನಾಚಿಕೆ ಎಂದರೆ ಏನೆಂದು ಅವಳಿಗೆ ಆಗ ತಿಳಿಯಿತು. ಅದು ಕಾಲಿನಿಂದ ಏರಿತು. ಅವಳು ಎದ್ದು, ನೂಲು ಕತ್ತರಿಸುವ ಚೂರಿ ತೆಗೆದುಕೊಂಡು, ಏಣಿ ಹೊತ್ತು, ಬೀದಿ ದಾಟಿದಳು. ಅತ್ತರಿನವಳು ಹಿಂದೆಯೇ ಬಂದಳು, ಏಣಿ ಹಿಡಿದುಕೊಂಡಳು.

ಹತ್ತಿ ನಿಂತ ಮೇಲೆ ನೇಯುವವಳು ಕೆಳಗೆ ನೋಡದೆ ಹೇಳಿದಳು. "ನಾನೇ ಮುಚ್ಚಿದ್ದು. ಸುಣ್ಣ ಬಳಿಯೋವಾಗ. ಕೈ ಜಾರಿದ್ದು ಒಂದು ಸಲ. ಆಮೇಲೆ ಬೇಕಂತಲೇ."

ಏಣಿ ಅಲುಗಿತು. ಅತ್ತರಿನವಳು ಕೈಬಿಟ್ಟಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದಾಯಿತು.

ನೇಯುವವಳು ಅಲುಗುವ ಏಣಿಯ ಮೇಲೆ ಒಬ್ಬಳೇ ಕೆರೆದಳು. ಅಂಟು ಹಾಕಿದ ಸುಣ್ಣ ಕಲ್ಲಾಗಿತ್ತು. ಚೂರಿ ಜಾರಿತು, ಉಗುರು ಮುರಿಯಿತು. ಅವಳು ಕೆರೆಯುತ್ತಲೇ ಇದ್ದಳು, ಅಳುತ್ತಲೂ ಇದ್ದಳು. ಮಾಳಿಗೆಗಳ ಮೇಲಿಂದ ಜನರ ಮಾತು ಕೇಳುತ್ತಿತ್ತು. ಯಾರೂ ಕೆಳಗೆ ನೋಡಲಿಲ್ಲ.

ಬಾಗಿಲು ಮತ್ತೆ ತೆರೆಯಿತು. ಅತ್ತರಿನವಳು ಒಂದು ಬಟ್ಟಲು ಅಡುಗೆಯ ಹುಳಿ ಸಿರಕ ತಂದು ಮೇಲೆ ಚಾಚಿದಳು. ಅವಳ ಕಣ್ಣು ಕೆಂಪಾಗಿತ್ತು, ದನಿ ಒರಟಾಗಿತ್ತು.

"ಇದು ಹಾಕಿ ನೆನೆಸಿ. ಎರಡು ಕೈ ಬಳಿದಿದ್ದೀರಿ ಅಲ್ವಾ? ಒಂದು ಕೈಗೆ ಇಷ್ಟು ಗಟ್ಟಿಯಾಗಲ್ಲ."

"ಹೌದು. ಎರಡು."

ಅತ್ತರಿನವಳು ಏಣಿ ಹಿಡಿದುಕೊಂಡಳು. ಸಿರಕ ನೊರೆಯೆದ್ದಿತು. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಗೂಡಿನ ಅಂಚು ಕಂಡಿತು, ಗಾಜು ಕಂಡಿತು. ಅತ್ತರಿನವಳು ಎತ್ತಿಕೊಟ್ಟ ಚೊಂಬಿನ ನೀರು ಬಿದ್ದದ್ದೇ ಕುಡಿ ಹೊತ್ತಿಕೊಂಡಿತು. ಬೆಳಕು ನೇಯುವವಳ ಮುಖಕ್ಕೆ ರಾಚಿ ಬೀದಿಗೆ ಇಳಿಯಿತು. ಅವಳು ಕಣ್ಣು ಕಿರಿದು ಮಾಡಿಕೊಂಡು ಕೆಳಗೆ ನೋಡಿದಳು. ಅತ್ತರಿನವಳು ತನ್ನ ಬಾಗಿಲಿನತ್ತ ನೋಡುತ್ತಲೇ ಇರಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ, ಬೀದಿಯ ಆಚೆ ನೇಯುವವಳ ಬಾಗಿಲ ನೆತ್ತಿಯನ್ನು ನೋಡುತ್ತಿದ್ದಳು. ಕೋಪ ಇನ್ನೂ ಆರದ ಆ ಮುಖದಲ್ಲಿ ತುಟಿ ತಾನಾಗಿ ತೆರೆದುಕೊಂಡಿತ್ತು.

ನೇಯುವವಳೂ ಅತ್ತ ನೋಡಿದಳು. ಅವಳಿಗೆ ಕಂಡದ್ದು ಬರಿಯ ಕಲ್ಲು.

ಮತ್ತೆ ಹೊಟ್ಟೆ ಉರಿಯಿತು. ಸುಳ್ಳು ಹೇಳಿ ಏನು ಮಾಡಲಿ, ಉರಿಯಿತು. ಈ ಸಲ ದೀಪದ ಮೇಲಲ್ಲ, ಆ ಕಣ್ಣುಗಳ ಮೇಲೆ. ತನಗೆ ಎಂದೂ ಸಿಗದ್ದನ್ನು ದಿನಾ ಬೆಳಿಗ್ಗೆ ನೋಡುವ, ಇನ್ನು ಮುಂದೆಯೂ ನೋಡುವ ಆ ಎರಡು ಕಣ್ಣುಗಳ ಮೇಲೆ. ಏನು ಕಾಣುತ್ತಿದೆ ಎಂದು ಕೇಳಲು ಬಾಯಿ ತೆರೆದಳು. ಕಟ್ಟಳೆ ನೆನಪಾಗಿ ತುಟಿ ಕಚ್ಚಿಕೊಂಡಳು.

"ನನ್ನ ಮಾಫ್ ಮಾಡ್ತೀಯಾ?" ಎಂದಳು ಬದಲಿಗೆ.

"ಇನ್ನೂ ಕೆರೀರಿ," ಎಂದಳು ಅತ್ತರಿನವಳು.

"ಎಲ್ಲ ಹೋಯ್ತು. ಬೆಳಕಲ್ಲಿ ನನಗೇನೂ ಉಳಿದಿದ್ದು ಕಾಣ್ತಿಲ್ಲ."

"ಉಳಿದಿದೆ," ಎಂದಳು ಅತ್ತರಿನವಳು, ಬೀದಿಯಾಚೆಯಿಂದ ಕಣ್ಣು ಕೀಳದೆ. "ನಿಮ್ಮದರ ಒಂದು ತುದಿ ಇನ್ನೂ ಕಪ್ಪಗಿದೆ. ಬಲಕ್ಕೆ ಹೋಗಿ. ನಾನು ಏಣಿ ಹಿಡಿದಿದ್ದೀನಿ."

ನೇಯುವವಳು ಬಲಕ್ಕೆ ಬಾಗಿ ಕೆರೆದಳು.